ಇನ್ನೊಂದು ಮರಿ ಎಲ್ಲಿ?

ಅವರ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು ಇರುತ್ತಿತ್ತು. ನಮ್ಮ ಕಡೆಯ ಹೆಂಗಸರು ಅಂಥ ಗಂಟಿನಲ್ಲಿ ಚಿಲ್ಲರೆ ಕಟ್ಟಿಕೊಳ್ಳುತ್ತಾರೆ, ಇಲ್ಲವೇ ಎಲೆ ಅಡಿಕೆ. ನಮ್ಮ ವಿಜ್ಞಾನದ ಮೇಡಂ ಗಂಟಿನಲ್ಲಿ ಒಂದು ದಿನ ಹಾವಿನ ಪೊರೆ ಇದ್ದರೆ ಇನ್ನೊಂದು ದಿನ ಸತ್ತ ಜೀರುಂಡೆ ಇರುತ್ತಿತ್ತು, ಮತ್ತೊಂದು ದಿನ ಮೊಳಕೆಯೊಡೆದ ಹುಣಸೆ ಬೀಜ. ತರಗತಿಗೆ ಬಂದವರು ಹಾಜರಿ ಕೂಗುವ ಮೊದಲೇ ಮೇಜಿನ ಹತ್ತಿರ ನಿಂತು ಗಂಟು ಬಿಚ್ಚುತ್ತಿದ್ದರು. ಮುಂದಿನ ಬೆಂಚಿನವರು ಹಿಂದಕ್ಕೆ ಸರಿದರೆ ಹಿಂದಿನ ಬೆಂಚಿನವರು ಮುಂದಕ್ಕೆ ನುಗ್ಗುತ್ತಿದ್ದರು. ಆ ಗದ್ದಲ ಮುಗಿದ ಮೇಲೆಯೇ ಪಾಠ.

ಅವರ ಬಲಗೈ ಬೆರಳುಗಳು ಸದಾ ಅಯೋಡಿನ್ ತಗುಲಿ ಕಂದಾಗಿರುತ್ತಿದ್ದವು. ಊಟದ ಹೊತ್ತಿನಲ್ಲಿ ನಮ್ಮ ಡಬ್ಬಿಗಳಿಗೂ ಬಿಡುಗಡೆ ಇರಲಿಲ್ಲ. ಅನ್ನದ ಒಂದಗುಳಿಗೆ, ಮುದ್ದೆಯ ಚೂರಿಗೆ, ಯಾರೋ ತಂದ ಬಿಸ್ಕತ್ತಿಗೆ ಒಂದೊಂದು ತೊಟ್ಟು ಬಿಟ್ಟು, ಅದು ನೀಲಿಗಪ್ಪಾದ ಕೂಡಲೇ ಮೊದಲ ಸಲ ಕಂಡವರಂತೆ ಕಣ್ಣರಳಿಸುತ್ತಿದ್ದರು. ಹೃದಯದ ಪಾಠದ ದಿನ ಹಿರಿಯೂರಿನ ಮಟನ್ ಅಂಗಡಿಯಿಂದ ಮೇಕೆಯ ಗುಂಡಿಗೆಯನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತಂದರು. ಮಾಂಸ ಮುಟ್ಟದ ಮನೆಯವರು ಅವರು. ಅಂಗಡಿಯವನು "ಇದೊಂದು ಎಷ್ಟ್ ಜನಕ್ಕೆ ಸಾಲ್ತೈತ್ರಿ?" ಎಂದು ಕೇಳಿದನಂತೆ. ಇವರು "ಇಡೀ ಕ್ಲಾಸಿಗೆ" ಎಂದರಂತೆ. ಅದನ್ನು ಹೇಳುತ್ತಲೇ ಬ್ಲೇಡು ಹಿಡಿದು ಹೃತ್ಕರ್ಣ, ಹೃತ್ಕುಕ್ಷಿಗಳನ್ನು ಬಿಡಿಸಿ ತೋರಿಸಿದರು. ಆವತ್ತು ಬೆರಳು ಹಾಕಿ ಮುಟ್ಟಿದ ಆ ಕವಾಟದ ಎಳೆಗಳು ಇವತ್ತಿಗೂ ನನ್ನ ಬೆರಳಿಗೆ ನೆನಪಿವೆ.

ಅವರದೊಂದು ಸನ್ನೆ ಇತ್ತು. ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ ಎರಡು ಬೆರಳು ಎತ್ತುತ್ತಿದ್ದರು. "ನೀರು ಹಾಕಲಿಲ್ಲ, ಅದಕ್ಕೇ ಗಿಡ ಒಣಗಿತು ಮೇಡಂ" ಅಂದರೆ ಎರಡು ಬೆರಳು. "ಇನ್ನೊಂದೆಲ್ಲಿ?" ಎನ್ನುತ್ತಿದ್ದರು. ಅಂದರೆ, ಅದೇ ಮಣ್ಣಿನಲ್ಲಿ, ಅದೇ ಬಿಸಿಲಿನಲ್ಲಿ, ನೀರು ಹಾಕಿ ಬೆಳೆಸಿದ ಇನ್ನೊಂದು ಗಿಡ ಎಲ್ಲಿ? ಒಂದೇ ಒಂದು ಸಂಗತಿ ಬಿಟ್ಟು ಉಳಿದದ್ದೆಲ್ಲ ಸಮನಾಗಿರುವ ಜೊತೆಯೊಂದು ಪಕ್ಕದಲ್ಲಿ ಇಲ್ಲದಿದ್ದರೆ ಅವರು ಯಾವ ಮಾತನ್ನೂ ನಂಬುತ್ತಿರಲಿಲ್ಲ. ಪುಸ್ತಕ ಇದನ್ನು ನಿಯಂತ್ರಿತ ಪ್ರಯೋಗ ಎನ್ನುತ್ತಿತ್ತು. ನಮಗೆ ಎರಡು ಬೆರಳೇ ಸಲೀಸಾಗಿತ್ತು.

ಇಷ್ಟು ಚೆಂದ ಕಲಿಸುವವರ ಕೈಯಲ್ಲಿ ಕಲಿತು ನಾನು ಹತ್ತನೇ ತರಗತಿಯಲ್ಲಿ ಫೇಲಾದದ್ದು ವಿಜ್ಞಾನಕ್ಕೇ. ಕಣ್ಣಾರೆ ಕಂಡದ್ದೆಲ್ಲ ತಲೆಯಲ್ಲಿ ಉಳಿಯುತ್ತಿತ್ತು, ಓದಿದ್ದು ಮಾತ್ರ ನಿಲ್ಲುತ್ತಿರಲಿಲ್ಲ. ನಮ್ಮದು ಯಲ್ಲದಕೆರೆ ಕಡೆಯ ಒಂದು ಹಟ್ಟಿ. ಮನೆಯ ಮಗ್ಗುಲಲ್ಲೇ ಮುಳ್ಳುಬೇಲಿಯ ಕುರಿರೊಪ್ಪ. ಅಪ್ಪ ಬೈಯಲಿಲ್ಲ, ಬಡಿಯಲಿಲ್ಲ. "ಇನ್ನೊಂದ್ ಸಲ ಕಟ್ಟು. ಪಾಸಾದ್ರೆ ಹಿರಿಯೂರು ಕಾಲೇಜು, ಇಲ್ಲಾಂದ್ರೆ ನನ್ ಜೊತೆ ಕುರಿ ಹಿಂದೆ" ಎಂದಷ್ಟೇ ಹೇಳಿದ. ಕುರಿಗಳ ಮೇಲೆ ನನಗೆ ಕೋಪವೇನೂ ಇರಲಿಲ್ಲ. ಆದರೆ ನನಗೆ ಕಾಲೇಜು ಬೇಕಿತ್ತು, ತುಂಬಾ ಬೇಕಿತ್ತು.

ಅದು ಕುರಿಗಳು ಮರಿ ಹಾಕುವ ಕಾಲ. ಮನೆ ಬಿಟ್ಟು ಪುನರಾವರ್ತನೆ ತರಗತಿಗೆ ಹೋಗುವ ಹಾಗಿರಲಿಲ್ಲ. ಇದು ಹೇಗೋ ಮೇಡಂ ಕಿವಿಗೆ ಬಿತ್ತು. ಒಂದು ಇಳಿಹೊತ್ತಿನಲ್ಲಿ ನಾಯಿ ಬೊಗಳಿತೆಂದು ಹೊರಗೆ ಬಂದು ನೋಡಿದರೆ, ರಸ್ತೆಯಲ್ಲಿ ಬಸ್ಸಿಳಿದು ಛತ್ರಿ ಹಿಡಿದು ಜಾಲಿಗಿಡಗಳ ನಡುವೆ ಅವರೇ ಬರುತ್ತಿದ್ದರು. ಅಪ್ಪ ಕಂಬಳಿ ಕೊಡವಿ ಹಾಸಿ "ಕುಂತ್ಕಳ್ರಿ ಮೇಡಂ" ಎಂದ. ಅವರು ಕೂತರೂ ಕಣ್ಣು ಮಾತ್ರ ರೊಪ್ಪದ ಕಡೆಗೇ ಇತ್ತು.

"ವಿಜ್ಞಾನಿ ಕೆಲಸ ಮಾಡೋ ಹಂತಗಳು ಯಾವುವು, ಹೇಳು ನೋಡಾಣ" ಎಂದರು.

ನಾನು ಒಂದೇ ಉಸಿರಿನಲ್ಲಿ "ತೀರ್ಮಾನ, ಊಹೆ, ಪ್ರಯೋಗ, ಸಮಸ್ಯೆ, ವೀಕ್ಷಣೆ" ಎಂದು ಒಪ್ಪಿಸಿದೆ.

ಅಪ್ಪ ನಕ್ಕುಬಿಟ್ಟ. "ನಮ್ಮನ್ಯಾಗೆ ಮೊದ್ಲು ತೀರ್ಮಾನನೇ ಬಿಡ್ರಿ. ನಮ್ಮವ್ವನ್ನ ನೋಡೇ ಕಲ್ತೈತೆ."

ಮೇಡಂ ನಗಲಿಲ್ಲ. ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಪಕ್ಕದಲ್ಲಿದ್ದ ನೀರಿನ ಬಿಂದಿಗೆಯ ಮೇಲೆ ಮುಚ್ಚಳದ ಹಾಗೆ ಇಟ್ಟರು. ಆ ಹೊತ್ತಿಗೆ ಹಟ್ಟಿಯವರ ಜೊತೆ ಮೇಯಲು ಹೋಗಿದ್ದ ಕುರಿಗಳು ಬಂದವು. ಒಳಗಿದ್ದ ಮರಿಗಳೆಲ್ಲ ಒಟ್ಟಿಗೆ ಅರಚಿದವು, ಹೊರಗಿನ ತಾಯಂದಿರು ಅದಕ್ಕಿಂತ ಜೋರಾಗಿ ಅರಚಿದವು. ರೊಪ್ಪದ ಬಾಗಿಲ ತಡಿಕೆ ಸರಿಸಿದ್ದೇ ತಡ, ಧೂಳೆಬ್ಬಿಸಿಕೊಂಡು ನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಒಂದೊಂದು ತಾಯಿಯ ಕೆಚ್ಚಲಿಗೆ ಅದರದರ ಮರಿಯೇ ಬಾಯಿ ಹಾಕಿ ಬಾಲ ಅಲ್ಲಾಡಿಸುತ್ತಿತ್ತು. ಮೇಡಂ ಎದ್ದು ನಿಂತಿದ್ದರು.

"ಇಷ್ಟು ಮರಿ ಒಳಗೆ ತನ್ನದ್ಯಾವ್ದು ಅಂತ ಅದಕ್ಕೆ ಹೆಂಗ್ ಗೊತ್ತಾಗ್ತೈತೆ?"

"ದನಿ ಮೇಡಮ್ಮ" ಎಂದಳು ಅಪ್ಪನ ತಾಯಿ, ನನ್ನ ಅಜ್ಜಿ. "ಹೆತ್ತೋಳ ಕಿವಿಗೆ ಗೊತ್ತಾಗ್ದೆ ಇರ್ತೈತಾ?"

"ದನಿಯಲ್ಲ ಏನಲ್ಲ. ಮೂಸಿ ನೋಡ್ತೈತೆ" ಎಂದ ಅಪ್ಪ.

ನಮ್ಮ ಮನೆಯಲ್ಲಿ ಈ ಜಗಳಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಮೇಡಂ ಮುಖ ನೋಡಬೇಕಿತ್ತು ಆಗ. ಮದುವೆಮನೆಗೆ ಬಂದ ಮಗುವಿನ ಹಾಗೆ ಆಗಿಬಿಟ್ಟಿದ್ದರು. "ಕೇಳಿದ್ದು ಸಮಸ್ಯೆ. ಅಜ್ಜಿ ಹೇಳಿದ್ದು ಒಂದು ಊಹೆ, ಅಪ್ಪ ಹೇಳಿದ್ದು ಇನ್ನೊಂದು. ಲೇ, ಬರ್ಕಾ ಬ್ಯಾಡ, ನೋಡ್ಕಾ. ನಾಳೆ ಪ್ರಯೋಗ" ಎಂದು ಹೇಳಿ ಬಸ್ಸಿಗೆ ಓಡಿದರು.

ಮಾರನೆಯ ದಿನ ಕುರಿಗಳು ಬರುವ ಮೊದಲೇ ಬಂದು, ಕಿವಿಯ ತುದಿ ಮಾತ್ರ ಬೆಳ್ಳಗಿದ್ದ ಒಂದು ಕರಿ ಮರಿಯನ್ನು ಮಡಿಲಲ್ಲಿ ಕೂರಿಸಿಕೊಂಡರು. ಹುಣ್ಣಿಗೆ ಹಚ್ಚಲು ಅಜ್ಜಿ ಇಟ್ಟಿದ್ದ ಬೇವಿನೆಣ್ಣೆಯನ್ನು ಕೇಳಿ ಪಡೆದು ಅದರ ಮೈಗೆಲ್ಲ ತಿಕ್ಕಿದರು. ಸಂಜೆ ಅದರ ತಾಯಿ ಕೂಗುತ್ತಾ ನೇರ ಮರಿಯ ಹತ್ತಿರ ಬಂತು. ಬಗ್ಗಿ ಮೂಸಿತು. ಮೂಸಿದ್ದೇ, ತಲೆಯಿಂದ ಒಂದು ಗುದ್ದು. ಮರಿ ಮತ್ತೆ ಹೋಯಿತು, ಮತ್ತೆ ಗುದ್ದು.

"ವಾಸ್ನೆ. ವಾಸ್ನೆನೇ" ಎಂದು ಮೇಡಂ ಚಪ್ಪಾಳೆ ತಟ್ಟಿದರು. ಅಪ್ಪ ಮೀಸೆಗೆ ಕೈ ಹಾಕಿದ. ಅಜ್ಜಿ ಮುಖ ಆ ಕಡೆ ತಿರುಗಿಸಿದಳು.

ತಟ್ಟುತ್ತಿದ್ದ ಕೈ ಇದ್ದಕ್ಕಿದ್ದ ಹಾಗೆ ನಿಂತಿತು. ಮೇಡಂ ನಿಧಾನವಾಗಿ ಎರಡು ಬೆರಳು ಎತ್ತಿದರು. ಈ ಸಲ ಆ ಬೆರಳುಗಳು ಅವರ ಕಡೆಗೇ ತಿರುಗಿದ್ದವು.

"ನಾನೊಂದ್ ತಪ್ಪು ಮಾಡ್ದೆ. ಏನು, ಹೇಳು."

ನಾನು ಯೋಚಿಸಿದೆ. ನನ್ನ ಕಣ್ಣ ಮುಂದೆ ಮಡಿಲಲ್ಲಿ ಕೂತು ನಡುಗುತ್ತಿದ್ದ ಮರಿ ಬಂತು. "ಮೇಡಂ, ನೀವದನ್ನ ಅಷ್ಟೊತ್ತು ಹಿಡ್ಕಂಡಿದ್ರಿ. ಅದು ಹೆದ್ರಿತ್ತು, ಕೂದ್ಲೆಲ್ಲಾ ಅಂಟ್ಕಂಡು ಬ್ಯಾರೆ ತರ ಕಾಣ್ತಿತ್ತು. ತಾಯಿ ಬ್ಯಾಡ ಅಂದಿದ್ದು ಎಣ್ಣೆಗೋ ಇನ್ನೊಂದಕ್ಕೋ ಹೆಂಗ್ ಹೇಳೋದು? ಇನ್ನೊಂದು ಮರೀನೂ ಅಷ್ಟೇ ಹೊತ್ತು ಹಿಡ್ಕಂಡು, ಅದಕ್ಕೆ ಬರೀ ನೀರು ತಿಕ್ಬೇಕಿತ್ತು."

ಅವರು ಎಣ್ಣೆ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ತನ್ನ ತಪ್ಪನ್ನು ಶಿಷ್ಯೆ ಹಿಡಿದಳೆಂದು ಅಷ್ಟು ಸಂತೋಷಪಟ್ಟ ಟೀಚರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಪುಸ್ತಕದಲ್ಲಿ ನನಗೆ ಯಾವತ್ತೂ ಹತ್ತದಿದ್ದ ಒಂದು ಪಾಠ ನಮ್ಮ ರೊಪ್ಪದೊಳಗೆ ಬಂದು ನಿಂತಿತ್ತು.

"ಮೊದ್ಲು ಮರಿ ಹೊಟ್ಟೆ ನೋಡ್ರಮ್ಮ, ನಿಮ್ ತಪ್ಪು ಒಪ್ಪು ಆಮೇಲೆ" ಎಂದು ಅಜ್ಜಿ ರೇಗಿದಳು. ಅಪ್ಪ ತಾಯಿಕುರಿಯ ಕತ್ತು ಹಿಡಿದ. ಅಜ್ಜಿ ಮರಿಯನ್ನು ಬೂದಿಯಿಂದ ಉಜ್ಜಿ ಒರೆಸಿ, ಆ ಕುರಿಯದೇ ಹಾಲನ್ನು ಕರೆದು ಮರಿಯ ಬೆನ್ನಿಗೆ, ಬಾಲಕ್ಕೆ ಸವರಿ ಮೊಲೆಗೆ ಹಿಡಿದಳು. ಮೇಡಂ ಮರುದಿನ ಮೊದಲ ಬಸ್ಸಿಗೇ, ತಲೆ ಸರಿಯಾಗಿ ಬಾಚಿಕೊಳ್ಳದೆ ಬಂದಿಳಿದರು. ಹಿಡಿಯುವವರಿಲ್ಲದೆಯೇ ತಾಯಿ ಮರಿಗೆ ಹಾಲು ಕೊಡುತ್ತಿದ್ದುದನ್ನು ನೋಡಿದ ಮೇಲೆಯೇ ಅವರು ಕಾಫಿ ಮುಟ್ಟಿದ್ದು.

ಆಮೇಲೆ ಎರಡು ಮರಿಗಳ ಸರದಿ. ಎರಡನ್ನೂ ಅಷ್ಟೇ ಹೊತ್ತು ಮಡಿಲಲ್ಲಿ ಹಿಡಿದೆವು. ಒಂದಕ್ಕೆ ಸ್ವಲ್ಪ ಎಣ್ಣೆ, ಇನ್ನೊಂದಕ್ಕೆ ನೀರು. ಎಣ್ಣೆಯದು ಗುದ್ದು ತಿಂದಿತು, ನೀರಿನದು ಹಾಲು ಕುಡಿಯಿತು. ಅಜ್ಜಿ ಬೂದಿ ಹಿಡಿದು ಪಕ್ಕದಲ್ಲೇ ಕಾದಿದ್ದಳು.

"ನನ್ನ ದನಿಗೇನ್ ಮಾಡ್ತೀರ?" ಎಂದು ಕೇಳಿದವಳೂ ಅವಳೇ.

ಎರಡು ಬಿದಿರು ಬುಟ್ಟಿಗಳನ್ನು ದೂರ ದೂರ ಬೋರಲು ಹಾಕಿ, ಒಳಗೆ ಒಂದೊಂದು ಮರಿ ಬಿಟ್ಟು, ಮೇಲೆ ಕಂಬಳಿ ಮುಚ್ಚಿದೆವು. ಕಣ್ಣಿಗೆ ಏನೂ ಕಾಣದು. ಒಳಗಿನಿಂದ ಕೂಗು ಮಾತ್ರ. ತಾಯಿಕುರಿ ಬಂದು ಒಂದು ಗಳಿಗೆ ನಿಂತು ಕಿವಿ ಆಡಿಸಿ ತನ್ನ ಮರಿಯ ಬುಟ್ಟಿಗೇ ಹೋಯಿತು. ಅಜ್ಜಿ "ನೋಡ್ದೇನಪ್ಪ?" ಎಂದು ಮಗನ ಕಡೆ ನೋಡಿದಳು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ನಾನೇ ಅಡ್ಡ ಬಂದೆ.

"ಮೇಡಂ, ಗಾಳಿ ಬುಟ್ಟಿ ಕಡೆಯಿಂದ ಬರ್ತೈತೆ. ವಾಸ್ನೆ ಬಂದಿದ್ರೆ? ಬುಟ್ಟಿ ಆ ಮಗ್ಗುಲಿಗೆ ಇಟ್ಟು ಇನ್ನೊಂದ್ ಸಲ ನೋಡಾಣ."

ಅವರು ನನ್ನನ್ನೇ ನೋಡಿದರು. "ನೀನು ಪಾಸಾದೆ ಕಣೇ. ಹೋಗಿ ಬರೆದು ಬರೋದೊಂದೇ ಬಾಕಿ" ಎಂದರು.

ಬುಟ್ಟಿಗಳನ್ನು ಗಾಳಿ ಬೀಸಿ ಹೋಗುವ ದಿಕ್ಕಿಗೆ ಇಟ್ಟರೂ ಕುರಿ ತಪ್ಪಲಿಲ್ಲ. ದೂರದಿಂದ ದನಿ, ಹತ್ತಿರ ಬಂದ ಮೇಲೆ ವಾಸನೆ. ಆವತ್ತು ನಮ್ಮ ಮನೆಯಲ್ಲಿ ತಾಯಿ ಮಗ ಇಬ್ಬರೂ ಗೆದ್ದರು, ಇಬ್ಬರೂ ತಾವೊಬ್ಬರೇ ಗೆದ್ದಂತೆ ಓಡಾಡಿದರು. ಬೆಳಕು, ಎಲೆ, ಪಿಷ್ಟ, ಜೀರ್ಣಾಂಗ, ಅನುವಂಶೀಯತೆ, ಉಳಿದ ಪಾಠಗಳೆಲ್ಲ ಆ ರೊಪ್ಪದ ಬೇಲಿಯ ಪಕ್ಕದಲ್ಲೇ ಮುಗಿದವು. ಕರಿ ಟಗರು, ಬಿಳಿ ಕುರಿ, ಅವುಗಳ ಮರಿಗಳ ಬಣ್ಣ, ಮೆಲುಕು ಹಾಕುವ ಹೊಟ್ಟೆ, ಎಲ್ಲವೂ ಕಣ್ಣೆದುರೇ ಇತ್ತು. ಪರೀಕ್ಷೆಯಲ್ಲಿ ಕತ್ತಲಲ್ಲಿಟ್ಟ ಗಿಡದ ಜೊತೆ ಬೆಳಕಿನಲ್ಲೂ ಒಂದು ಗಿಡ ಏಕೆ ಇಡಬೇಕೆಂದು ಕೇಳಿದ್ದರು. ನಾನು ಬರೆಯುತ್ತಾ ನಗುತ್ತಿದ್ದೆ. ಕೊಠಡಿಯ ಮೇಲ್ವಿಚಾರಕರು ಎರಡು ಸಲ ಹತ್ತಿರ ಬಂದು ನೋಡಿ ಹೋದರು.

ಪಾಸಾದೆ. ಅಪ್ಪ ಮರಿಯೊಂದನ್ನು ಕೊಡಲು ಹೋದರೆ ಮೇಡಂ ಬೇಡವೆಂದು, ಆ ಕರಿ ಮರಿಯ ಒಂದು ಚಿಟಿಕೆ ಉಣ್ಣೆಯನ್ನು ಕೇಳಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದರು.

ಈಗ ನಾನು ಹೊಸದುರ್ಗದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಅವರ ನಿವೃತ್ತಿಯ ಸಮಾರಂಭದಲ್ಲಿ ಮೈಕಿನ ಮುಂದೆ ನಿಂತು, "ನಾನು ಇವತ್ತು ಏನಾಗಿದ್ದೇನೋ ಅದು ಮೇಡಂ ಅವರಿಂದ" ಎಂದೆ. ಹಾರದ ಭಾರಕ್ಕೆ ಬಗ್ಗಿ ಕೂತಿದ್ದವರು ಅಲ್ಲಿಂದಲೇ ಎರಡು ಬೆರಳು ಎತ್ತಿದರು. "ನಾನಿಲ್ದೆ ಬೆಳೆದ ಇನ್ನೊಬ್ಬ ನೀನು ಎಲ್ಲವ್ಳೆ? ತೋರ್ಸು." ಸಭೆಯೆಲ್ಲ ನಕ್ಕಿತು.

ಹೋದ ವರ್ಷ ಮೇಡಂ ಹೊಳಲ್ಕೆರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಮಲಗಿಸಿದ್ದಲ್ಲಿಗೆ ಹೋಗಿ ನಿಂತಾಗ ನನ್ನ ಕಣ್ಣು ಮುಖಕ್ಕಿಂತ ಮೊದಲು ಸೆರಗಿನ ತುದಿಗೆ ಹೋಯಿತು. ಹೊಸ ಸೀರೆ ಉಡಿಸಿದ್ದರು, ಗಂಟು ಇರಲಿಲ್ಲ. ಅದನ್ನು ಕಂಡು ಅತ್ತುಬಿಟ್ಟೆ.

ಮೊನ್ನೆ ತರಗತಿಯಲ್ಲಿ ಪುನರಾವರ್ತನೆ ಮಾಡಿಸುತ್ತಾ ಮರಿಗಳ ಕಥೆ ಹೇಳಿದೆ. ಹೇಳುವ ಭರದಲ್ಲಿ "ಆ ಮೇಡಂ ಬರದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ" ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಮೂರು ವಾರದಿಂದ ಬಾಯಿ ಬಿಟ್ಟವಳಲ್ಲ.

"ಮಿಸ್, ಅವ್ರು ಬರ್ದಿದ್ರೂ ನೀವು ಪಾಸಾಗ್ತಿದ್ರೇನೋ. ಇನ್ನೊಂದೆಲ್ಲೈತೆ?"

ಇಲ್ಲ ಕಣಮ್ಮ, ಇದೊಂದನ್ನು ತೋರಿಸಿಕೊಡಲು ನನ್ನಿಂದ ಆಗುವುದಿಲ್ಲ, ಸುಮ್ಮನೆ ನಂಬಿದ್ದೇನೆ ಎಂದೆ.

ಅವಳು ತಲೆ ಅಲ್ಲಾಡಿಸಿ ಕೂತಳು. ಒಪ್ಪಲಿಲ್ಲ.