ಜಯರಾಮಯ್ಯ ಮೇಷ್ಟರ ಹದಿನೇಳನೆಯ ಪ್ರಶ್ನೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಗ್ಲಿಷ್ ವ್ಯಾಕರಣವೆಂದರೆ ಜಯರಾಮಯ್ಯನವರು ಎಂಬ ಮಾತು ಮೂವತ್ತು ವರ್ಷಗಳಿಂದ ನಡೆದುಬಂದಿದೆ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ನಾಲ್ಕೂ ತಾಲ್ಲೂಕಿನ ಶಾಲೆಗಳು ಒಂದೇ ಪ್ರಶ್ನೆಪತ್ರಿಕೆ ಬಳಸುತ್ತಿದ್ದ ಕಾಲದಲ್ಲಿ, ಅದನ್ನು ಬರೆಯುವ ಗೌರವ ವರ್ಷವರ್ಷವೂ ಪಾಂಡವಪುರದ ಈ ಮೇಷ್ಟರಿಗೇ ಸಲ್ಲುತ್ತಿತ್ತು. 1998ರ ಈ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿರುವಾಗ, ಅವರ ವಿದ್ವತ್ತನ್ನು ಕೊಂಡಾಡಲು ಬಲ್ಲವರು ಬೇಕಾದಷ್ಟಿದ್ದಾರೆ. ಇಲ್ಲಿ ಹೇಳುವುದು ಕಿರಂಗೂರಿನ ಚಲುವಯ್ಯ ಮೇಷ್ಟರ ಹೊಟ್ಟೆಕಿಚ್ಚಿನ ವಿಷಯ. ಇದನ್ನು ಈ ಅಭಿನಂದನ ಗ್ರಂಥದಲ್ಲಿ ಸೇರಿಸಲೇಬೇಕೆಂದು ಹಟ ಹಿಡಿದವರು ಸ್ವತಃ ಚಲುವಯ್ಯನವರೇ.

ಚಲುವಯ್ಯನವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು, ಜಯರಾಮಯ್ಯನವರದು ಬಿ.ಎ. ಮಾತ್ರ. ಆದರೂ ಮೇಷ್ಟರುಗಳ ಸಭೆಯಲ್ಲಿ ಸಂದೇಹವೆದ್ದಾಗ ಎಲ್ಲರ ಕಣ್ಣೂ ಹೊರಳುತ್ತಿದ್ದುದು ಜಯರಾಮಯ್ಯನವರ ಕಡೆಗೆ. ಚಲುವಯ್ಯನವರ ಶಾಲೆಯ ಮಕ್ಕಳೇ ಭಾನುವಾರ ಬಸ್ಸು ಹತ್ತಿ ಪಾಂಡವಪುರದಲ್ಲಿ ಜಯರಾಮಯ್ಯನವರ ಉಚಿತ ತರಗತಿಗೆ ಹೋಗುತ್ತಿದ್ದರು. ತಾನು ಕಲಿಸಿದ್ದು ಸಾಲದೆಂದು ಊರಿಗೆಲ್ಲ ಸಾರಿದ ಹಾಗೆ ಅದು ಚಲುವಯ್ಯನವರಿಗೆ ಕಾಣುತ್ತಿತ್ತು.

1994ರ ಫೆಬ್ರವರಿಯಲ್ಲಿ ಪ್ರಶ್ನೆಪತ್ರಿಕೆಯನ್ನೂ ಮಾದರಿ ಉತ್ತರವನ್ನೂ ಪರಿಶೀಲಿಸಿ ರುಜು ಹಾಕುವ ಕೆಲಸ ಚಲುವಯ್ಯನವರ ಪಾಲಿಗೆ ಬಂತು. ಹದಿನೇಳನೆಯ ಪ್ರಶ್ನೆ ಹೀಗಿತ್ತು: ‘ಅನು ಈಸ್ ಒನ್ ಆಫ್ ದ ಗರ್ಲ್ಸ್ ಹೂ ಡ್ಯಾಶ್ ವೆಲ್.’ ಖಾಲಿ ಜಾಗಕ್ಕೆ ‘ಸಿಂಗ್’ ಬರಬೇಕೋ, ‘ಸಿಂಗ್ಸ್’ ಬರಬೇಕೋ? ‘ಹೂ’ ಎಂಬ ಸಂಬಂಧ ಸರ್ವನಾಮ ಹಿಡಿದಿರುವುದು ಅನುವನ್ನಲ್ಲ, ‘ಗರ್ಲ್ಸ್’ ಎಂಬ ಬಹುವಚನವನ್ನು. ಆದ್ದರಿಂದ ‘ಸಿಂಗ್’ ಸರಿ. ಜಯರಾಮಯ್ಯನವರು ಮಾದರಿ ಉತ್ತರದಲ್ಲಿ ‘ಸಿಂಗ್ಸ್’ ಎಂದು ಬರೆದಿದ್ದರು. ಚಲುವಯ್ಯನವರು ಎರಡು ಸಲ ಓದಿದರು, ಒಳಗೊಳಗೇ ಹಿಗ್ಗಿದರು, ತಿದ್ದದೆ ರುಜು ಹಾಕಿದರು. ಮೌಲ್ಯಮಾಪನ ಮುಗಿದು ಫಲಿತಾಂಶ ಬಂದ ಮೇಲೆ ಶ್ರೀರಂಗಪಟ್ಟಣದ ಸಭೆಯಲ್ಲಿ, ನಾಲ್ಕೂ ತಾಲ್ಲೂಕಿನ ಮೇಷ್ಟರುಗಳೆದುರು, ಎದ್ದು ನಿಂತು ಆ ತಪ್ಪನ್ನು ಬಯಲಿಗೆಳೆದರು.

ಜಯರಾಮಯ್ಯನವರು ಮಾದರಿ ಉತ್ತರದ ಕಾಗದ ತರಿಸಿ ನೋಡಿ, “ಚಲುವಯ್ಯನವರು ಹೇಳಿದ್ದೇ ಸರಿ. ತಪ್ಪು ನನ್ನದು. ಎಲ್ಲಾ ಉತ್ತರಪತ್ರಿಕೆ ಮತ್ತೆ ನೋಡೋಣ” ಎಂದರು. ಸಭೆ ಚಪ್ಪಾಳೆ ತಟ್ಟಿದ್ದು ತಪ್ಪು ಒಪ್ಪಿಕೊಂಡವರಿಗೆ. ಅಂದು ಚಲುವಯ್ಯನವರಿಗೆ ಊಟ ಸೇರಲಿಲ್ಲ.

ಮತ್ತೆ ತಿದ್ದಿದಾಗ ಕಿಕ್ಕೇರಿಯ ರಂಜಿತ ಎಂಬ ಹುಡುಗಿಯ ಅಂಕ ಮೂವತ್ತನಾಲ್ಕರಿಂದ ಮೂವತ್ತೈದಕ್ಕೇರಿತು. ಆದರೆ ಫೇಲಾದಳೆಂದು ಅವಳ ತಂದೆ ಶಿವಣ್ಣ ಆಗಲೇ ಶಾಲೆ ಬಿಡಿಸಿದ್ದರು. ಜಯರಾಮಯ್ಯನವರು ಚಲುವಯ್ಯನವರನ್ನೂ ಕರೆದುಕೊಂಡು ಕಿಕ್ಕೇರಿಗೆ ಹೊರಟರು.

“ಒಂದ್ ಮಾರ್ಕ್ಸ್‌ನಾಗೆ ಏನೈತೆ ಬುಡಿ ಮೇಷ್ಟ್ರೇ. ಮನೇಲಿ ಹಸಾ ಕರ ನೋಡ್ಕಂಡಿರ್ಲಿ” ಎಂದರು ಶಿವಣ್ಣ, ಹಾಲಿನ ಕ್ಯಾನು ತೊಳೆಯುತ್ತಾ.

“ನಿಮ್ಮ ಮಗಳು ಸರಿಯಾಗೇ ಬರೆದಿದ್ದಳು ಶಿವಣ್ಣ. ತಪ್ಪು ಬರೆದೋನು ನಾನು. ನನ್ನ ತಪ್ಪಿಗೆ ಅವಳಿಗ್ಯಾಕೆ ಶಿಕ್ಷೆ?”

ಶಿವಣ್ಣ ಕ್ಯಾನು ಕೆಳಗಿಟ್ಟು, “ಮೇಷ್ಟ್ರಾಗಿ ನೀವೇ ಇಂಗಂದ್ರೆ ನಾನೇನೇಳನ. ಸೋಮ್ವಾರ್‌ದಿಂದ ಕಳುಸ್ತೀನಿ” ಎಂದರು.

ಚಲುವಯ್ಯನವರು ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದರು. ವಾಪಸು ಬರುವ ಬಸ್ಸಿನಲ್ಲಿ ಹೇಳಿದರು: “ನಂಗೆ ಮೊದ್ಲೇ ಕಂಡಿತ್ತು ಮೇಷ್ಟ್ರೇ. ಬೇಕೂಂತ್ಲೇ ಸುಮ್ನಿದ್ದೆ.”

“ಕಾಗದದ ಮೇಲೆ ನಿಮ್ಮ ರುಜು ನೋಡಿದಾಗಲೇ ಗೊತ್ತಾಯ್ತು. ಇಂಥ ತಪ್ಪು ನಿಮ್ಮ ಕಣ್ಣಿಗೆ ಬೀಳದೆ ಇರುತ್ತಾ?”

“ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?”

“ಬರೆದ ಕೈ ನನ್ನದಲ್ವಾ?” ಎಂದ ಜಯರಾಮಯ್ಯನವರು ಆ ವಿಷಯವನ್ನು ಮುಂದೆ ಯಾರ ಬಳಿಯೂ ಎತ್ತಲಿಲ್ಲ, ಮರುವರ್ಷದ ಪ್ರಶ್ನೆಪತ್ರಿಕೆ ಬರೆಯಲು ಚಲುವಯ್ಯನವರ ಹೆಸರನ್ನು ತಾವೇ ಸೂಚಿಸಿದರು. ಹೊಟ್ಟೆಕಿಚ್ಚು ಅಲ್ಲಿಗೆ ಆರಿತೆಂದು ಬರೆದರೆ ಸುಳ್ಳಾದೀತು. ಅಂಥ ಮನಸ್ಸು ತನಗೇಕೆ ಬರಲಿಲ್ಲವೆಂದು ಅದು ಇನ್ನಷ್ಟು ಉರಿಯಿತೆಂದು ಚಲುವಯ್ಯನವರೇ ಹೇಳುತ್ತಾರೆ. ರಂಜಿತ ಈ ವರ್ಷ ಟಿ.ಸಿ.ಎಚ್. ಶಿಕ್ಷಕ ತರಬೇತಿ ಮುಗಿಸಿದ್ದಾಳೆ.

ಜಯರಾಮಯ್ಯನವರು ಈಗ ಹಳ್ಳಿಯ ಮಕ್ಕಳಿಗಾಗಿ ವ್ಯಾಕರಣದ ಪುಸ್ತಕವೊಂದನ್ನು ಬರೆಯುತ್ತಿದ್ದಾರೆ. ಅದು ಹಲವು ಮುದ್ರಣಗಳನ್ನು ಕಂಡು, ಪ್ರತಿಯೊಂದನ್ನೂ ತಾವೇ ಪರಿಷ್ಕರಿಸುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲೆಂದು ಹಾರೈಸುತ್ತೇವೆ. ಕರಡು ತಿದ್ದುತ್ತಿರುವವರು ಚಲುವಯ್ಯನವರು. ಇದುವರೆಗೆ ಹನ್ನೊಂದು ತಪ್ಪುಗಳು ಸಿಕ್ಕಿವೆ. ಹನ್ನೊಂದನ್ನೂ ಸಿಕ್ಕ ದಿನವೇ ಪಾಂಡವಪುರಕ್ಕೆ ಹೋಗಿ ಹೇಳಿ ಬಂದಿದ್ದಾರೆ.