ಟೇಬಲ್ ಇರುತ್ತೆ, ಅಣ್ಣ

ಮೊನ್ನೆ ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕರಗಿದ ಸೀಸ, ಸುಟ್ಟ ರಾಳ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಫೋನ್ ಕೊಡದೆ ಹಾಗೇ ಹೊರಟು ಬಂದೆ. ನಮ್ಮ ಬೆಂಚಿನ ಅಣ್ಣನ ಶರ್ಟಿನಿಂದ ಸದಾ ಬರುತ್ತಿದ್ದ ವಾಸನೆ ಅದು.

ಬೆಂಚಿನ ಅಣ್ಣ ಅನ್ನುವುದು ನಾನೇ ಇಟ್ಟ ಹೆಸರು; ಬೆಸುಗೆ ಹಾಕಿ ಪರೀಕ್ಷಿಸುವ ಟೇಬಲ್ಲಿಗೆ ನಮ್ಮ ಕಂಪನಿಯಲ್ಲಿ ಬೆಂಚ್ ಅನ್ನುತ್ತಿದ್ದರು. ಹೈದರಾಬಾದಿನಲ್ಲಿ ನನ್ನ ಮೊದಲ ಕೆಲಸ ಅದು. ಗಣಿಗೆ ಇಳಿಯುವವರು ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟುಗಳನ್ನು ತಯಾರಿಸುವ ಸಣ್ಣ ಕಂಪನಿ. ಅವರು ಅಲ್ಲಿ ಟೆಕ್ನಿಷಿಯನ್, ರಾಯಚೂರು ಕಡೆಯವರು, ಐವತ್ತು ದಾಟಿದವರು. ಇಡೀ ಕಟ್ಟಡದಲ್ಲಿ ಉಳಿದವರದೆಲ್ಲ ತೆಲುಗು, ಹಿಂದಿ; ಕನ್ನಡದವರು ನಾವಿಬ್ಬರೇ. ನನ್ನ ಮೈಸೂರು ಮಾತು ಕೇಳಿ, "ನೀವು ಬೈದ್ರೂ ಹಾಡಿದಂಗ ಕೇಳಸ್ತೈತಿ ನೋಡ್ರಿ ತಂಗಿ" ಎಂದು ನಗುತ್ತಿದ್ದರು.

ಅವರ ಕೆಲಸ ಆಂಟೆನಾ ಹೊಂದಿಸುವುದು. ಸೆಟ್ಟಿನ ಶಕ್ತಿ ಆಂಟೆನಾದಿಂದ ಹೊರಗೆ ಹೋಗಬೇಕಾದರೆ, ನಡುವೆ ಕೂತಿರುವ ಒಂದು ಪುಟ್ಟ ಸರ್ಕ್ಯೂಟ್ ಎರಡಕ್ಕೂ ಹೊಂದಾಣಿಕೆ ಮಾಡಿಕೊಡಬೇಕು. ಹೊಂದದಿದ್ದರೆ ಹೊರಟ ಶಕ್ತಿ ಹಿಂದಕ್ಕೇ ಬರುತ್ತದೆ. ಗಣಿಯೊಳಗಿರುವವನು ಎಷ್ಟು ಕೂಗಿದರೂ ಮೇಲಿನವರಿಗೆ ಕೇಳುವುದಿಲ್ಲ. ಸಾಸಿವೆಯಷ್ಟು ಕೆಪಾಸಿಟರುಗಳನ್ನು ಚಿಮಟದ ತುದಿಯಲ್ಲಿ ಹಿಡಿದು, ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿ, ಅಳೆಯುವ ಯಂತ್ರದ ಪರದೆಯ ಮೇಲಿನ ಗೆರೆ ಬೇಕಾದ ಜಾಗದಲ್ಲಿ ತಳ ಮುಟ್ಟುವವರೆಗೆ ಅವರು ತಲೆ ಎತ್ತುತ್ತಿರಲಿಲ್ಲ. ಪ್ರತಿ ಸೆಟ್ಟೂ ಅವರ ಟೇಬಲ್ ದಾಟಿಯೇ ಹೊರಗೆ ಹೋಗುತ್ತಿತ್ತು.

ಆಮೇಲೆ ಹೊಸ ಮಾದರಿ ಬಂತು. ಅದರಲ್ಲಿ ಆ ಸರ್ಕ್ಯೂಟ್ ತನ್ನೊಳಗಿನ ಪುಟ್ಟ ಸ್ವಿಚ್ಚುಗಳನ್ನು ಬದಲಿಸಿ ತಾನೇ ಹೊಂದಿಸಿಕೊಳ್ಳುವಂಥದ್ದು. ಆನ್ ಮಾಡಿದ ಕೂಡಲೇ ಅದು ನೆಟ್ಟಗಿದೆಯೇ ಎಂದು ಸೆಟ್ಟೇ ಪರೀಕ್ಷಿಸಿಕೊಳ್ಳಬೇಕು. ಆ ಪರೀಕ್ಷೆಯ ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೀಟಿಂಗಿನ ಕೊನೆಯಲ್ಲಿ ಮ್ಯಾನೇಜರು, ಇದು ಮುಗಿದರೆ ಆ ಬೆಂಚ್ ಬೇಕಾಗುವುದಿಲ್ಲ, ಅಲ್ಲಿಯತನಕ ಬೆಂಚ್ ಹೋಗುವ ವಿಷಯ ಅಣ್ಣನ ಕಿವಿಗೆ ಹಾಕಬೇಡಿ ಎಂದರು. ನಾನು ತಲೆಯಾಡಿಸಿದೆ.

ಮೊದಲ ಸಲ ಬರೆದದ್ದನ್ನು ಹೆಮ್ಮೆಯಿಂದ ಅಣ್ಣನಿಗೆ ತೋರಿಸಿದೆ. ಅವರು ಸೆಟ್ಟು ಬಿಚ್ಚಿ ಒಂದು ಕೆಪಾಸಿಟರ್ ಕಿತ್ತು ಕೊಟ್ಟರು. ನನ್ನ ಪರೀಕ್ಷೆ ಸರಿಯಿದೆ ಎಂದಿತು. ಇನ್ನೊಂದು ಒಳ್ಳೆಯ ಸೆಟ್ಟಿನ ಆಂಟೆನಾವನ್ನು ಮುಷ್ಟಿಯಲ್ಲಿ ಹಿಡಿದರು, ಕೆಟ್ಟಿದೆ ಎಂದಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸತ್ತಿದ್ದಕ್ಕ ಚಲೋ ಐತಿ ಅಂತೈತಿ, ಚಲೋ ಇದ್ದಿದ್ದಕ್ಕ ಸತ್ತೈತಿ ಅಂತೈತಿ! ಒಳಗಿನ ಒಂದೊಂದ ಸ್ವಿಚ್ ಬದಲ್ ಮಾಡಿ, ಹಿಂದ ಬರೋ ಶಕ್ತಿ ಬದಲಾತೇನು ನೋಡ್ರಿ. ಬದಲಾಗ್ಲಿಲ್ಲಂದ್ರ ಅಲ್ಲಿ ಏನೋ ಕೆಟ್ಟೈತಿ."

ಅಷ್ಟರಿಂದಲೇ ನನ್ನ ದಾರಿ ತೆರೆಯಿತು. ಅಲ್ಲಿಂದ ಎರಡು ತಿಂಗಳು ಅವರು ಸೆಟ್ಟುಗಳನ್ನು ಕೈಯಾರೆ ಕೆಡಿಸಿ ಕೊಟ್ಟರು. ಒಂದು ತುದಿ ಮೇಲೆದ್ದ ಕೆಪಾಸಿಟರ್, ಕೂದಲೆಳೆಯಷ್ಟು ಬಿರುಕು ಬಿಟ್ಟ ಬೆಸುಗೆ, ತೇವ ಕುಡಿದ ಬೋರ್ಡು... ಅಷ್ಟು ವರ್ಷ ಅವರ ಕೈಗೆ ಸಿಕ್ಕಿದ್ದ ಕಾಯಿಲೆಗಳೆಲ್ಲ ಒಂದೊಂದಾಗಿ ನನ್ನ ಪರೀಕ್ಷೆಯೊಳಗೆ ಇಳಿದವು. ಒಂದು ದೋಷ ಸಿಕ್ಕಿಬಿದ್ದರೆ ನನಗಿಂತ ಅವರಿಗೇ ಖುಷಿ. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದರು. "ತಂಗಿ, ಇದು ಮುಗದ ಮ್ಯಾಲ ನನ್ನ ಟೇಬಲ್ ಇರ್ತೈತಲ್ರಿ?"

"ಇರುತ್ತೆ, ಅಣ್ಣ."

ಮ್ಯಾನೇಜರಿಗೆ ಹೆದರಿ ಹಾಗಂದೆ ಎಂದು ಈಗ ಹೇಳಿಕೊಳ್ಳಬಹುದು. ಅದೂ ಸುಳ್ಳೇ. ನಿಜ ಗೊತ್ತಾದರೆ ಅವರು ಕಲಿಸುವುದನ್ನು ನಿಲ್ಲಿಸಿಬಿಟ್ಟಾರು, ನನ್ನ ಕೆಲಸ ಅರ್ಧಕ್ಕೆ ನಿಂತೀತು ಎಂದು ಹೆದರಿದ್ದೆ. ಅಷ್ಟೇ.

ಪರೀಕ್ಷೆ ಗೆದ್ದಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮುಂದಿನ ವಾರವೇ ಅವರ ಟೇಬಲ್ ಎತ್ತಿಸಿ, ಅವರನ್ನು ಪ್ಯಾಕಿಂಗಿಗೆ ಹಾಕಿದರು. ನಾನು ಕಂಬದಂತೆ ನಿಂತಿದ್ದೆ. ಅವರೇ ಹತ್ತಿರ ಬಂದು, "ಇರ್ಲಿ ಬಿಡ್ರಿ ತಂಗಿ, ನಿಮಗೂ ಹೇಳಿರಾಕಿಲ್ಲ ಅವ್ರು" ಎಂದರು. ನನಗೆ ಗೊತ್ತಿತ್ತು ಅನ್ನಲು ಅದೊಂದು ಕ್ಷಣ ಸಿಕ್ಕಿತ್ತು... ನಾನು ಅವರ ಚಿಮಟಗಳನ್ನು ಎತ್ತಿ ಡಬ್ಬಿಗೆ ತುಂಬಿಕೊಟ್ಟೆ.

ನಾಲ್ಕು ತಿಂಗಳು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಸುತ್ತಿ, ಆಮೇಲೆ ಬರುವುದನ್ನೇ ಬಿಟ್ಟರು. ಫೋನ್ ಮಾಡಬೇಕು ಅಂದುಕೊಂಡೆ, ಮಾಡಲಿಲ್ಲ. ವರ್ಷ ತಿರುಗುವುದರೊಳಗೆ ಸುದ್ದಿ ಬಂತು: ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು.

ಸಿಕಂದರಾಬಾದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಇಲ್ಲೇ ಒಂದು ಅಂಗಡ್ಯಾಗ ವೈರ್‌ಲೆಸ್ ರಿಪೇರಿಗೆ ಕರದಿದ್ರವ್ವ, ಟೇಬಲ್ ತಗಿಯೋಕಿಂತ ಮೊದಲ. ಕಂಪನ್ಯಾಗ ನನ್ನ ಟೇಬಲ್ ಇರ್ತೈತಿ, ತಂಗಿ ಹೇಳ್ಯಾಳ ಅಂತ ಇವ್ರು ಬ್ಯಾಡಂದ್ರು. ಆಮ್ಯಾಲ ಕೇಳಾಕ ಹೋದ್ರ ಬ್ಯಾರೆಯವ್ರನ್ನ ತಗೊಂಡಿದ್ರು." ನನ್ನ ತಲೆ ಸವರಿದರು. "ಪಾಪ, ನಿನಗೂ ಮೋಸ ಮಾಡಿದ್ರಂತಲ್ಲ."

ನಾನು ಅತ್ತೆ. ದುಃಖಕ್ಕೆ ಅಳುತ್ತಿದ್ದಾಳೆ ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು.

ಅದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಆ ಪರೀಕ್ಷೆಯಿಂದಲೇ ನಾನು ದೊಡ್ಡ ಕೆಲಸಕ್ಕೆ ಹೋದೆ. ಅಣ್ಣ ಇಲ್ಲ, ಅವರ ಮುಂದೆ ತಪ್ಪೊಪ್ಪಿಕೊಳ್ಳುವ ದಾರಿ ಮುಚ್ಚಿಹೋಯಿತು. ಅವರ ಹೆಂಡತಿ ಮಾತ್ರ ಪ್ರತಿ ಸಂಕ್ರಾಂತಿಗೆ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಾರೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗಂಟು ಕಟ್ಟಿದ ಬಟ್ಟೆಯಲ್ಲಿ. ಈ ಸಲವೂ ಬಂದಿದ್ದರು. ಮೊಣಕಾಲು ನೋವು ಹೆಚ್ಚಾಗಿದೆ, ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು.

"ಅವ್ರು ಇದ್ದಿದ್ರ ನಿನ್ನ ನೋಡಿ ಭಾಳ ಖುಷಿ ಪಡ್ತಿದ್ರವ್ವ" ಎಂದರು ಬಾಗಿಲಲ್ಲೇ ನಿಂತು.

ಇವತ್ತು ಹೇಳಿಯೇ ಬಿಡಬೇಕು ಎಂದು ಬಾಯಿ ತೆರೆದೆ.

"ಒಳಗೆ ಬನ್ನಿ ಅಕ್ಕ" ಎಂದೆ, "ಟೀ ಕುಡಿದುಕೊಂಡು ಹೋಗಿ."