ಗೊತ್ತಿಲ್ಲದ ಬಾಟಲಿಗೊಂದು ಸೇವಂತಿಗೆ

ಮೈಸೂರಿನ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ, ಪ್ರಯೋಗ ಮುಗಿಯುವ ಹೊತ್ತಿಗೆ ಸಿಂಕಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು. ಅದರೊಳಗೆ ಯಾರೂ ಏನನ್ನೂ ಸುರಿಯುವಂತಿರಲಿಲ್ಲ. ಮಿಕ್ಕಿದ್ದನ್ನು ಹಾಕಲು ತ್ಯಾಜ್ಯದ ಕ್ಯಾನುಗಳಿದ್ದವು: ಆ್ಯಸಿಡ್ಡಿಗೆ ಒಂದು, ಬೆಂಕಿ ಹತ್ತಿಕೊಳ್ಳುವ ದ್ರಾವಕಗಳಿಗೆ ಇನ್ನೊಂದು. "ಮೊದ್ಲು ಇದರ ಹೆಸರು ಹೇಳಿ, ಆಮೇಲೆ ಹಾಕಿ," ಎನ್ನುವರು.

ಒಮ್ಮೆ ಆಯುಧಪೂಜೆಯ ಹಿಂದಿನ ದಿನ ನಾವು ಲೆಕ್ಚರರುಗಳೆಲ್ಲ ಸೇರಿ ಲ್ಯಾಬ್ ತೊಳೆಯುತ್ತಿದ್ದೆವು. ಹೊಸದಾಗಿ ಸೇರಿದ್ದ ಮೇಷ್ಟ್ರೊಬ್ಬರು, ಕಪಾಟಿನ ಮೂಲೆಯಲ್ಲಿ ಸಿಕ್ಕ ಚೀಟಿಯಿಲ್ಲದ ಬಾಟಲಿಯನ್ನು ಆ್ಯಸಿಡ್ ಕ್ಯಾನಿಗೆ ಬಗ್ಗಿಸಲು ಹೊರಟರು. ಮೇಡಂ ಕ್ಯಾನನ್ನೇ ಪಕ್ಕಕ್ಕೆಳೆದು ಮುಚ್ಚಳ ತಿರುಗಿಸಿ ಬಿಗಿದರು.

"ಹೆಸರೇನು ಇದರದ್ದು?"

"ನೀರೇ ಇರ್ಬೇಕು ಬಿಡಿ ಮೇಡಂ."

"ಇರ್ಬೇಕು ಅನ್ನೋದಕ್ಕೆಲ್ಲ ನನ್ನತ್ರ ಕ್ಯಾನಿಲ್ಲ ಕಣ್ರೀ. ಸಿಡಿದ್ರೆ ನಿಮ್ಮ ಮುಖಕ್ಕೇ ಅಲ್ವಾ?"

ಬಾಟಲಿಗೆ 'ಗೊತ್ತಿಲ್ಲ' ಎಂದು ಬರೆದ ಚೀಟಿ ಅಂಟಿಸಿ, ಅದನ್ನು ಟ್ರೇಯೊಂದರಲ್ಲಿ ಒಂಟಿಯಾಗಿ ಕೂರಿಸಿದರು.

ಮಾರನೆಯ ದಿನ ಕರ್ಪೂರದಾರತಿ ಎಂದಿನಂತೆ ದೂರದ ಕಾರಿಡಾರಿನಲ್ಲಿ ನಡೆಯಿತು. ದೇವರಿಗೋಸ್ಕರವೂ ಅವರು ಲ್ಯಾಬಿನೊಳಗೆ ಬೆಂಕಿ ಬಿಡುತ್ತಿರಲಿಲ್ಲ. ಆಮೇಲೆ ತಾವೇ ಒಳಬಂದು ತಕ್ಕಡಿಗೆ, ಬ್ಯುರೆಟ್ಟುಗಳಿಗೆ, ತ್ಯಾಜ್ಯದ ಕ್ಯಾನುಗಳಿಗೂ ಒಂದೊಂದು ಸೇವಂತಿಗೆ ಇಟ್ಟರು. ಬುಟ್ಟಿಯಲ್ಲಿದ್ದ ಅತಿ ದೊಡ್ಡ ಹೂವನ್ನು 'ಗೊತ್ತಿಲ್ಲ' ಬಾಟಲಿಯ ಮುಂದಿಟ್ಟರು.

"ಇದಕ್ಯಾಕೆ ಮೇಡಂ ಇಷ್ಟೊಂದು ಮರ್ಯಾದೆ?" ಎಂದು ಮೇಷ್ಟ್ರು ನಕ್ಕರು.

ಮೇಡಂ ಬಾಟಲಿಗೆ ಕೈ ಮುಗಿದರು. "ಪರಿಚಯ ಇಲ್ಲದವ್ರ ಹತ್ರ ಸಲಿಗೆ ಬೇಡ ಕಣ್ರೀ."